ಮೂವತ್ತೆರಡನೇ ಸೆಕೆಂಡಿಗೆ ಕಟ್ ಆಗುವ ಫೋನು: ಫೈರ್‌ವಾಲ್ ತಪಾಸಣೆಯ ದೋಷ ಹುಡುಕುವ ಬಗೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಡಿಸೆಂಬರ್ ತಿಂಗಳು, ತೋಟಗಳಲ್ಲಿ ಅರೇಬಿಕಾ ಕೊಯ್ಲು ಜೋರು. ಇಂಥ ಹೊತ್ತಿನಲ್ಲಿ ಕ್ಯೂರಿಂಗ್ ಆಫೀಸಿನ ಫೋನಿಗೆ ಪುರುಸೊತ್ತೇ ಇರುವುದಿಲ್ಲ. ಮೂಡಿಗೆರೆ ಕಡೆಯ ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡುತ್ತಾರೆ. ಆಫೀಸಿನವರು ಎತ್ತುತ್ತಾರೆ. ಮಾತು ಸ್ಪಷ್ಟವಾಗಿ ಕೇಳುತ್ತದೆ. ಚಳಿ, ಆಳು, ಲಾರಿ ವಿಚಾರ ಮುಗಿದು ರೇಟಿನ ಮಾತಿಗೆ ಬರುವಷ್ಟರಲ್ಲಿ ಲೈನ್ ಕಟ್. ಮತ್ತೆ ಮಾಡಿದರೆ ಮತ್ತೆ ಕಟ್. ಇವರು ರೇಟ್ ಹೇಳೋಕೆ ಇಷ್ಟವಿಲ್ಲದೆ ಬೇಕಂತಲೇ ಇಡುತ್ತಿದ್ದಾರೆ ಅಂತ ಆ ರೈಟರ್‌ಗೆ ಅನುಮಾನ ಬಂದಿತ್ತಂತೆ.

ನನ್ನನ್ನು ಕರೆಸುವ ಮೊದಲೇ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಸಾಕಷ್ಟು ಒದ್ದಾಡಿದ್ದ. "ಸಾರ್, ಫೈರ್‌ವಾಲ್‌ನಲ್ಲಿ ಸಿಪ್ ಎಎಲ್‌ಜಿ ಆಫ್ ಮಾಡಿ ನೋಡ್ದೆ. ಆನ್ ಮಾಡಿ ನೋಡ್ದೆ. ಎರಡಕ್ಕೂ ಒಂದೇ ಥರ" ಅಂದ. ಫೈರ್‌ವಾಲ್ ಅಂದರೆ ಆಫೀಸಿಗೂ ಇಂಟರ್ನೆಟ್ಟಿಗೂ ನಡುವಿನ ಕಾವಲು ಪೆಟ್ಟಿಗೆ. ಫೋನ್ ಕರೆಯ ಸಂದೇಶಗಳನ್ನು ಅದು ಬಿಚ್ಚಿ ನೋಡಿ ತಿದ್ದುವ ಸೌಲಭ್ಯವೇ ಸಿಪ್ ಎಎಲ್‌ಜಿ. ಉತ್ತರ ಹುಡುಗನ ಆ ಮಾತಿನಲ್ಲೇ ಇತ್ತು. ನನಗೆ ಹೊಳೆದದ್ದು ಮಾತ್ರ ಮೂರು ಗಂಟೆ ಆದ ಮೇಲೆ.

ಆ ದಿನ ಮಾಡಿದ ಕೆಲಸವನ್ನೂ, ಇಂಥದ್ದೇ ಬೇರೆ ಕಡೆಗಳಲ್ಲಿ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಫೈರ್‌ವಾಲ್ ಹಿಂದೆ ಐಪಿ ಫೋನ್ ಅಥವಾ ವಿಡಿಯೋ ಯೂನಿಟ್ ಇಟ್ಟುಕೊಂಡು ಒದ್ದಾಡುವವರಿಗೆ ಉಪಯೋಗಕ್ಕೆ ಬಂದೀತು.

ಫೈರ್‌ವಾಲ್ ಒಳಗೆ ಇಣುಕುವುದು ಯಾಕೆ

ವೆಬ್ ಪುಟ ತೆರೆಯುವಾಗ ಒಂದೇ ಕನೆಕ್ಷನ್ನು. ಹೋದ ದಾರಿಯಲ್ಲೇ ಉತ್ತರ ಬರುತ್ತದೆ. ಫೋನ್ ಕರೆ ಹಾಗಲ್ಲ. ಸಿಪ್ ಅನ್ನುವ ಪ್ರೋಟೋಕಾಲು ಯಾರು ಯಾರನ್ನು ಕರೆಯುತ್ತಿದ್ದಾರೆ, ಎತ್ತಿದರಾ, ಇಟ್ಟರಾ ಅನ್ನುವ ಮಾತುಕತೆಯನ್ನಷ್ಟೇ ಮಾಡುತ್ತದೆ. ಅದಕ್ಕೆ ಗೊತ್ತಾದ ಪೋರ್ಟ್, ಅಂದರೆ ಬಾಗಿಲ ಸಂಖ್ಯೆ, 5060. ನಿಜವಾದ ಧ್ವನಿ ಆರ್‌ಟಿಪಿ ರೂಪದಲ್ಲಿ ಬೇರೆಯೇ ಪೋರ್ಟಿನಲ್ಲಿ ಹೋಗುತ್ತದೆ. ಆ ಪೋರ್ಟ್ ಯಾವುದು ಅನ್ನುವುದು ಸಿಪ್ ಸಂದೇಶದ ಹೊಟ್ಟೆಯೊಳಗೆ, ಎಸ್‌ಡಿಪಿ ಅನ್ನುವ ಭಾಗದಲ್ಲಿ ಬರೆದಿರುತ್ತದೆ. ಅಲ್ಲಿ ನಮಗೆ ಬೇಕಾದದ್ದು ಎರಡು ಸಾಲು:

ಸಿ=ಐಎನ್ ಐಪಿ4 192.168.10.21
ಎಂ=ಆಡಿಯೋ 11780 ಆರ್‌ಟಿಪಿ/ಎವಿಪಿ 0 8 101

"ಧ್ವನಿಯನ್ನು 192.168.10.21ಕ್ಕೆ, 11780ನೇ ಪೋರ್ಟಿಗೆ ಕಳಿಸಿ" ಅಂತ ಇದರ ಅರ್ಥ. ಅದರ ಪಕ್ಕದ 11781ರಲ್ಲಿ ಆರ್‌ಟಿಸಿಪಿ ಲೆಕ್ಕಪತ್ರ ಓಡಾಡುತ್ತದೆ. 0 ಮತ್ತು 8 ಎಂದರೆ ಜಿ.711 ಅನ್ನುವ ಕೋಡೆಕ್‌ನ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನದ) ಎರಡು ಬಗೆ. 101 ಸಾಮಾನ್ಯವಾಗಿ ಡಯಲ್ ಗುಂಡಿಗಳಿಗೆ.

ಲಗ್ನಪತ್ರಿಕೆಯನ್ನು ನೆನಪಿಸಿಕೊಳ್ಳಿ. ಕವರ್ ಮೇಲಿನ ವಿಳಾಸ ನೋಡಿ ಪೋಸ್ಟ್‌ಮ್ಯಾನ್ ತಲುಪಿಸುತ್ತಾನೆ. ಬರುವವರು ನೋಡುವುದು ಒಳಗೆ ಬರೆದ ಛತ್ರದ ವಿಳಾಸವನ್ನು. ನ್ಯಾಟ್ ಮಾಡುವ, ಅಂದರೆ ಒಳಗಿನ ವಿಳಾಸದ ಬದಲು ಹೊರಗಿನ ವಿಳಾಸ ಹಾಕುವ, ಫೈರ್‌ವಾಲು ಕವರ್ ಮೇಲಿನ ವಿಳಾಸವನ್ನಷ್ಟೇ ಬದಲಿಸುತ್ತದೆ. ಒಳಗೆ "192.168.10.21ಕ್ಕೆ ಬನ್ನಿ" ಅಂತಲೇ ಉಳಿದುಬಿಡುತ್ತದೆ. ಅಂಥ ವಿಳಾಸ ಪ್ರತಿ ಊರಲ್ಲೂ ಪ್ರತಿ ಆಫೀಸಲ್ಲೂ ಇದೆ. ಹೊರಗಿನವರು ಎಲ್ಲಿಗೆ ಅಂತ ಬರಬೇಕು?

ತಪಾಸಣೆ, ಅಂದರೆ ಇನ್‌ಸ್ಪೆಕ್ಷನ್ ಅಥವಾ ಎಎಲ್‌ಜಿ, ಇಲ್ಲಿ ಎರಡು ಕೆಲಸ ಮಾಡುತ್ತದೆ. ಪತ್ರಿಕೆ ಬಿಚ್ಚಿ ಒಳಗಿನ ವಿಳಾಸವನ್ನು ಹೊರಗಿನವರಿಗೆ ಸಿಗುವ ವಿಳಾಸವಾಗಿ ತಿದ್ದುತ್ತದೆ. ಆ ಒಂದು ಕರೆಗೆ ಬೇಕಾದ ಪೋರ್ಟನ್ನು ತೆರೆದು, ಕರೆ ಮುಗಿದ ಮೇಲೆ ಮುಚ್ಚುತ್ತದೆ. ಇದು ಸರಿಯಾಗಿ ನಡೆದರೆ 10000ದಿಂದ 20000ದವರೆಗಿನ ಪೋರ್ಟುಗಳನ್ನು ಸದಾ ತೆರೆದಿಡುವ ಅಗತ್ಯ ಬೀಳುವುದಿಲ್ಲ.

ತೊಂದರೆ ಏನೆಂದರೆ, ವಿಳಾಸ ತಿದ್ದಲು ಬೇರೆಯವರೂ ಕಾದಿರುತ್ತಾರೆ. ಫೋನೇ ಸ್ಟನ್ ಸರ್ವರನ್ನು ಕೇಳಿಕೊಂಡು ತನ್ನ ಹೊರಗಿನ ವಿಳಾಸ ಬರೆದುಕೊಳ್ಳಬಹುದು. ಆ ಕಡೆ ಕರೆಗಳನ್ನು ಜೋಡಿಸುವ ಸರ್ವರು "ಪ್ಯಾಕೆಟ್ ಎಲ್ಲಿಂದ ಬಂತೋ ಅಲ್ಲಿಗೇ ಕಳಿಸುತ್ತೇನೆ" ಅಂತ ಒಳಗಿನ ವಿಳಾಸವನ್ನು ಲೆಕ್ಕಕ್ಕೇ ಹಿಡಿಯದಿರಬಹುದು. ಗೋಡೆ ಮೇಲೆ ಕೂತ ಫೈಬರ್ ಬಾಕ್ಸ್ ಕೂಡ ತನ್ನದೊಂದು ಎಎಲ್‌ಜಿ ಇಟ್ಟುಕೊಂಡಿರುತ್ತದೆ. ನಾನು ನೋಡಿದ ದೋಷಗಳಲ್ಲಿ ಜಾಸ್ತಿ ಪಾಲು ಎರಡೇ ಜಾತಿಯವು. ಒಂದೋ ಇಬ್ಬರು ತಿದ್ದಿರುತ್ತಾರೆ, ಇಲ್ಲವೇ "ಅವರು ತಿದ್ದುತ್ತಾರೆ ಬಿಡು" ಅಂತ ಯಾರೂ ತಿದ್ದಿರುವುದಿಲ್ಲ. ಹಾಗಾಗಿ ಎಎಲ್‌ಜಿ ಆನ್ ಇರಬೇಕಾ ಆಫ್ ಇರಬೇಕಾ ಅನ್ನುವುದಕ್ಕಿಂತ ಮೊದಲು, ಇಲ್ಲಿ ವಿಳಾಸ ತಿದ್ದುವವರು ಯಾರು ಅಂತ ಕೇಳಿಕೊಳ್ಳಬೇಕು. ಎಎಲ್‌ಜಿ ಕಂಡ ಕೂಡಲೇ ಆಫ್ ಮಾಡಿಸುವವರು ಈ ಪ್ರಶ್ನೆಯನ್ನೇ ಬಿಟ್ಟುಬಿಡುತ್ತಾರೆ.

ಮೊದಲು ಗಡಿಯಾರ, ಆಮೇಲೆ ಫೈರ್‌ವಾಲ್

ಜನ "ಸರಿಯಾಗಿ ಕೇಳಲ್ಲ", "ಕಟ್ ಆಗುತ್ತೆ" ಅನ್ನುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಎಷ್ಟೊತ್ತಿಗೆ, ಯಾವ ಕಡೆಯಿಂದ ಬಂದ ಕರೆ, ಯಾರಿಗೆ ಕೇಳಲ್ಲ, ಈ ಮೂರನ್ನು ಕೇಳಿ ಬರೆದುಕೊಳ್ಳಿ. ಅದರಲ್ಲೂ ಸಮಯ. ಈ ಪ್ರೋಟೋಕಾಲುಗಳ ಒಳಗೆ ಗೊತ್ತಾದ ಅವಧಿಗಳಿವೆ. ದೋಷ ಆ ಅವಧಿಗೇ ಸರಿಯಾಗಿ ಬಂದರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ತೀರ್ಮಾನವಾದಂತೆ.

ಎತ್ತಿದ ಕ್ಷಣದಿಂದಲೇ ಒಂದು ಕಡೆಗೆ ಅಥವಾ ಎರಡೂ ಕಡೆಗೆ ಮೌನ ಅಂದರೆ ಎಸ್‌ಡಿಪಿಯ ವಿಳಾಸ, ಇಲ್ಲವೇ ಆರ್‌ಟಿಪಿ ಪೋರ್ಟು. ಸರಿಯಾಗಿ 32 ಸೆಕೆಂಡಿಗೆ ಕಟ್ ಅಂದರೆ, ಎತ್ತಿದ್ದು "ಗೊತ್ತಾಯಿತು" ಅನ್ನುವ ಎಸಿಕೆ ಸಂದೇಶ ತಲುಪುತ್ತಿಲ್ಲ. 15 ಅಥವಾ 30 ನಿಮಿಷಕ್ಕೆ ಅಂದರೆ ಸೆಷನ್ ಟೈಮರ್: ಅದರ ಮಾಮೂಲಿ ಅವಧಿ 1800 ಸೆಕೆಂಡು, ಅರ್ಧ ಆದಾಗ ಒಂದು ಕಡೆಯವರು "ಇನ್ನೂ ಇದ್ದೀರಾ" ಅಂತ ಕೇಳುತ್ತಾರೆ, ಆ ಪ್ರಶ್ನೆ ಫೈರ್‌ವಾಲ್ ದಾಟುತ್ತಿಲ್ಲ. ಸರಿಯಾಗಿ ಒಂದು ಗಂಟೆಗೆ ಅಂದರೆ ಟಿಸಿಪಿ (ತಲುಪಿದ್ದನ್ನು ಖಚಿತಪಡಿಸಿಕೊಂಡು ಕಳಿಸುವ ಬಗೆ) ಕನೆಕ್ಷನ್ ಸುಮ್ನೆ ಕೂತಿದೆ ಅಂತ ಫೈರ್‌ವಾಲ್ ಅದನ್ನು ಮುಚ್ಚಿದೆ.

ಇನ್ನೊಂದು ದೋಷಕ್ಕೆ ಗಡಿಯಾರ ಬೇರೆ ಥರ ನೋಡಬೇಕು. ಬೆಳಿಗ್ಗೆ ಫೋನ್ ರೀಸ್ಟಾರ್ಟ್ ಮಾಡಿದ ಕೂಡಲೇ ಒಳಬರುವ ಕರೆ ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಬರುವುದಿಲ್ಲ, ನಾವು ಒಂದು ಕರೆ ಮಾಡಿದ ಮೇಲೆ ಮತ್ತೆ ಬರುತ್ತದೆ. ಇದು ಯುಡಿಪಿ (ತಲುಪಿತಾ ಅಂತ ಕೇಳದೆ ಕಳಿಸುವ ಬಗೆ) ಟೈಮ್‌ಔಟ್. ಫೋನು ಗಂಟೆಗೊಮ್ಮೆ ಸರ್ವರಿನಲ್ಲಿ ಹೆಸರು ನೋಂದಾಯಿಸುತ್ತದೆ. ಫೈರ್‌ವಾಲ್ ಆ ಯುಡಿಪಿ ದಾರಿಯನ್ನು ಎರಡು ಮೂರು ನಿಮಿಷಕ್ಕೇ, ಕೆಲವು ಕಡೆ 30 ಸೆಕೆಂಡಿಗೇ ಮರೆತುಬಿಡುತ್ತದೆ. ದಾರಿ ಮರೆಯದಂತೆ ಫೋನು ಆಗಾಗ ಕಳಿಸುವ ಕೀಪ್‌ಅಲೈವ್ ಅನ್ನು 25 ಸೆಕೆಂಡಿಗೆ ಇಟ್ಟರೆ ಸಾಕು.

ಧ್ವನಿ ಕತ್ತರಿಸಿ ಕತ್ತರಿಸಿ ಬಂದರೆ ಮಾತ್ರ ತಪಾಸಣೆಯ ಹಿಂದೆ ಬೀಳಬೇಡಿ. ಜಿ.711 ಕರೆ ಸೆಕೆಂಡಿಗೆ 50 ಪ್ಯಾಕೆಟ್, ಈಥರ್‌ನೆಟ್ ಮೇಲೆ ಒಂದೊಂದು ದಿಕ್ಕಿಗೂ ಸುಮಾರು 87 ಕೆಬಿಪಿಎಸ್ ಬಳಸುತ್ತದೆ. ಲೈನಿನ ಸಾಮರ್ಥ್ಯ, ಜಿಟರ್ (ಪ್ಯಾಕೆಟ್ ಬರುವ ಅಂತರದ ಏರುಪೇರು), ಪ್ಯಾಕೆಟ್ ನಷ್ಟ ನೋಡಿ.

ಕ್ಯೂರಿಂಗ್ ಆಫೀಸಿನ ಆ ಮೂರು ಗಂಟೆ

"ಎಷ್ಟೊತ್ತಿಗೆ ಕಟ್ ಆಗುತ್ತೆ ಮೇಡಂ?" ಅಂತ ಲೆಕ್ಕದ ಸೀಟಿನಲ್ಲಿದ್ದವರನ್ನು ಕೇಳಿದೆ. "ಅರ್ಧ ನಿಮಿಷ ಇರಬಹುದು" ಅಂದರು. ನನ್ನ ಮೊಬೈಲಿನಿಂದ ಅವರ ಡೆಸ್ಕ್ ಫೋನಿಗೆ ಕರೆ ಮಾಡಿದೆ. ಫೋನಿನ ಪರದೆಯಲ್ಲಿ ಸಮಯ ಓಡುತ್ತಿತ್ತು. 0:32ಕ್ಕೆ ಕಟ್. ಇನ್ನೊಮ್ಮೆ ಮಾಡಿದೆ, 0:32. ಮೂರನೆಯದೂ ಅಷ್ಟೇ. ಅವರ ಫೋನಿನಿಂದ ನನಗೆ ಮಾಡಿದ ಕರೆ ಮಾತ್ರ ಐದು ನಿಮಿಷ ಬಿಟ್ಟರೂ ಕಟ್ ಆಗಲಿಲ್ಲ.

"ನೀವು ಮಾಡಿದ ಕರೇಲಿ ಆ ಕಡೆಯವರು ಮೊದಲು ಇಟ್ಟರೆ ಏನಾಗುತ್ತೆ?"

"ಅಯ್ಯೋ, ಅದೊಂದು ಹೇಳೋದು ಮರೆತೆ ನೋಡಿ. ಅವರು ಇಟ್ಟರೂ ನಮ್ಮದರಲ್ಲಿ ಟೈಮ್ ಓಡ್ತಾನೇ ಇರುತ್ತೆ. ನಾವೇ ಇಡಬೇಕು."

ಎರಡೂ ಒಂದೇ ಕಾಯಿಲೆಯ ಲಕ್ಷಣ. ಕರೆ ಶುರುವಾದ ಮೇಲೆ ಸರ್ವರು ಫೋನಿಗೆ ಕಳಿಸುವ ಯಾವ ಸಂದೇಶವೂ ತಲುಪುತ್ತಿಲ್ಲ. ಎತ್ತಿದೆ ಅಂದದ್ದಕ್ಕೆ "ಗೊತ್ತಾಯಿತು" ಅನ್ನುವ ಎಸಿಕೆಯೂ ಇಲ್ಲ, ಇಟ್ಟೆ ಅನ್ನುವ ಬೈ ಕೂಡ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕು. ಫೈರ್‌ವಾಲ್‌ನ ಒಳಮೈ ಮತ್ತು ಹೊರಮೈ ಎರಡರಲ್ಲೂ ಪ್ಯಾಕೆಟ್ ಹಿಡಿದೆ. ಒಂದೇ ಕಡೆ ಹಿಡಿದರೆ ಅರ್ಧ ಕತೆ ಮಾತ್ರ ಸಿಗುತ್ತದೆ, ದಯವಿಟ್ಟು ಎರಡೂ ಕಡೆ ಹಿಡಿಯಿರಿ. ಹಿಡಿದ ಪ್ಯಾಕೆಟ್ ಓದುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಟೆಲಿಫೋನಿ ಮೆನುವಿನ ವಾಯಿಪ್ ಕಾಲ್ಸ್ ತೆರೆದು ಕರೆಯನ್ನು ಆರಿಸಿ ಫ್ಲೋ ನೋಡಿದರೆ ಏಣಿಯ ಹಾಗೆ ಚಿತ್ರ ಬರುತ್ತದೆ. ಲಿನಕ್ಸ್ ಸರ್ವರ್ ಕೈಗೆ ಸಿಕ್ಕರೆ ಎಸ್‌ಎನ್‌ಗ್ರೆಪ್ ಇನ್ನೂ ಬೇಗ.

ಏಣಿಯಲ್ಲಿ ಕಂಡದ್ದು ಇದು. ಸರ್ವರಿನಿಂದ "ನಿಮಗೊಂದು ಕರೆ" ಅನ್ನುವ ಇನ್‌ವೈಟ್ ಬಂತು. ಫೋನು ರಿಂಗಿಂಗ್ ಅಂದಿತು. ಮೇಡಂ ಎತ್ತಿದರು, ಫೋನು 200 ಓಕೆ ಕಳಿಸಿತು. ಅರ್ಧ ಸೆಕೆಂಡಾದ ಮೇಲೆ ಅದೇ 200 ಓಕೆ ಮತ್ತೆ. 1.5ನೇ ಸೆಕೆಂಡಿಗೆ ಮತ್ತೆ. 3.5ಕ್ಕೆ, 7.5ಕ್ಕೆ, ಆಮೇಲೆ ನಾಲ್ಕು ನಾಲ್ಕು ಸೆಕೆಂಡಿಗೊಂದು. ಅತ್ತ ಮೇಡಂ ನಮ್ಮ ಹುಡುಗನ ಜೊತೆ ಆರಾಮಾಗಿ ಮಾತಾಡುತ್ತಿದ್ದಾರೆ, ಇತ್ತ ಫೋನು ಪಾಪ "ಎತ್ತಿದೆ, ಎತ್ತಿದೆ, ಎತ್ತಿದೆ" ಅಂತ ಹನ್ನೊಂದು ಸಲ ಕೂಗಿದೆ. ಯಾರೂ ಓಗೊಟ್ಟಿಲ್ಲ. 32 ಸೆಕೆಂಡಾದ ಮೇಲೆ ತಾನೇ ಬೈ ಕಳಿಸಿ ಇಟ್ಟಿದೆ. ಸಿಪ್ ನಿಯಮದಲ್ಲಿ ಇದು ಹೀಗೇ ಆಗಬೇಕು. 2002ರಲ್ಲಿ ಬಂದ ಆರ್‌ಎಫ್‌ಸಿ 3261ರ ಪ್ರಕಾರ ಮೂಲ ಅವಧಿ ಅರ್ಧ ಸೆಕೆಂಡು, ಅದರ 64 ಪಟ್ಟು ಕಾದು ಕೈಬಿಡುವುದು. ಅರ್ಧಕ್ಕೆ 64 ಅಂದರೆ 32.

ಎಸಿಕೆ ಎಲ್ಲಿ ಹೋಯಿತು? 200 ಓಕೆ ಒಳಗೆ ಕಾಂಟ್ಯಾಕ್ಟ್ ಅನ್ನುವ ಸಾಲಿರುತ್ತದೆ. "ಇನ್ನು ಮುಂದೆ ನನಗೆ ಏನೇ ಕಳಿಸುವುದಿದ್ದರೂ ಇಲ್ಲಿಗೆ" ಅಂತ. ಹೊರಮೈಯಲ್ಲಿ ಹಿಡಿದ ಪ್ಯಾಕೆಟ್‌ನಲ್ಲೂ ಆ ಸಾಲಿನಲ್ಲಿ 192.168.10.21 ಅಂತಲೇ ಇತ್ತು. ಅಂದರೆ ಫೈರ್‌ವಾಲ್ ತಿದ್ದಿಲ್ಲ. ಸರ್ವರು ಅದನ್ನು ನಂಬಿ ಎಸಿಕೆಯನ್ನು ಅತ್ತ ಕಳಿಸಿದೆ, ಅದು ಎಲ್ಲೂ ತಲುಪಿಲ್ಲ.

"ಎಎಲ್‌ಜಿ ಆನ್ ಇದೆ ಅಲ್ವಾ ಈಗ?" ಅಂದೆ. ಹುಡುಗ ತೋರಿಸಿದ. ಆನ್ ಇತ್ತು. ಹಾಗಾದರೆ ತಿದ್ದಿಲ್ಲ ಯಾಕೆ? ಇಲ್ಲಿ ನಾನು ಒಂದು ಗಂಟೆ ಹಾಳು ಮಾಡಿದೆ. ಫರ್ಮ್‌ವೇರ್ ಹಳೆಯದಿರಬೇಕು ಅಂದುಕೊಂಡು ಬಿಡುಗಡೆಯ ಟಿಪ್ಪಣಿಗಳನ್ನು ಓದುತ್ತಾ ಕೂತೆ. ಆಮೇಲೆ ಟೀ ಬಂತು. ಕಾಫಿ ಕ್ಯೂರಿಂಗ್‌ನಲ್ಲಿ ಟೀ ಯಾಕೆ ಅಂತ ಕೇಳಬೇಡಿ. ಟೀ ಕುಡಿಯುವಾಗ ಹುಡುಗನ ಮೊದಲ ಮಾತು ನೆನಪಾಯಿತು: ಆನ್ ಆದರೂ ಆಫ್ ಆದರೂ ಒಂದೇ ಥರ. ಸ್ವಿಚ್ ಒತ್ತಿದರೂ ಒತ್ತದಿದ್ದರೂ ಬಲ್ಬ್ ಒಂದೇ ಥರ ಇದ್ದರೆ ಆ ಸ್ವಿಚ್ ಆ ಬಲ್ಬಿನದ್ದಲ್ಲ.

ತಪಾಸಣೆಯ ಲೆಕ್ಕ ತೋರಿಸುವ ಆದೇಶ ಕೊಟ್ಟೆ. ಸಿಪ್ ಎದುರಿಗೆ ಪ್ಯಾಕೆಟ್ ಸೊನ್ನೆ. ಬೆಳಗಿನಿಂದ ನೂರಾರು ಕರೆ ಆಗಿದೆ, ತಪಾಸಣೆಯ ಕೈಗೆ ಒಂದೂ ಸಿಕ್ಕಿಲ್ಲ. ಪ್ಯಾಕೆಟ್ ಕಡೆಗೆ ಮತ್ತೆ ನೋಡಿದರೆ ಪೋರ್ಟ್ 5080. ಬೆಂಗಳೂರಿನಲ್ಲಿದ್ದ ಸರ್ವರಿನ 5060ಕ್ಕೆ ಸ್ಕ್ಯಾನರುಗಳು ಹಗಲೂ ರಾತ್ರಿ ಬಡಿಯುತ್ತವೆ ಅಂತ ಅದನ್ನು ನೋಡಿಕೊಳ್ಳುವವರು ಕೆಲವು ವಾರದ ಹಿಂದೆ ಪೋರ್ಟ್ ಬದಲಿಸಿದ್ದರು. ಫೋನುಗಳಿಗೆ ಹೊಸ ಪೋರ್ಟ್ ತಾನಾಗಿ ಹೋಗಿತ್ತು. ಫೈರ್‌ವಾಲ್‌ಗೆ ಯಾರೂ ಹೇಳಿರಲಿಲ್ಲ. ಅದು 5060ರ ಬಾಗಿಲಲ್ಲೇ ಕಾಯುತ್ತಾ ಕೂತಿತ್ತು.

ಮತ್ತೆ ಧ್ವನಿ ಸರಿಯಾಗಿ ಬರುತ್ತಿತ್ತಲ್ಲ, ಅದು ಹೇಗೆ? ಸರ್ವರು ಧ್ವನಿಯ ಮಟ್ಟಿಗೆ ಎಸ್‌ಡಿಪಿಯನ್ನು ನಂಬದೆ, ಆರ್‌ಟಿಪಿ ಬಂದ ವಿಳಾಸಕ್ಕೇ ವಾಪಸ್ ಕಳಿಸುತ್ತಿತ್ತು. ಹೆಸರು ನೋಂದಾಯಿಸುವಾಗಲೂ ಪ್ಯಾಕೆಟ್ ಬಂದ ವಿಳಾಸವನ್ನೇ ನೆನಪಿಟ್ಟುಕೊಳ್ಳುತ್ತಿತ್ತು, ಹಾಗಾಗಿ ರಿಂಗ್ ಆಗುತ್ತಿತ್ತು. ಬಿಟ್ಟುಹೋದದ್ದು 200 ಓಕೆ ಮತ್ತು ಇನ್‌ವೈಟ್ ಒಳಗಿನ ಕಾಂಟ್ಯಾಕ್ಟ್ ಒಂದೇ. ಮೂರರಲ್ಲಿ ಎರಡನ್ನು ಸರ್ವರು ತಿದ್ದುತ್ತಿತ್ತು, ಮೂರನೆಯದನ್ನು ಅಷ್ಟು ದಿನ ಫೈರ್‌ವಾಲ್ ತಿದ್ದುತ್ತಿತ್ತು ಅನ್ನುವುದು ಯಾರಿಗೂ ಗೊತ್ತೇ ಇರಲಿಲ್ಲ.

ದಾರಿ ಎರಡಿತ್ತು. ಫೈರ್‌ವಾಲ್‌ಗೆ 5080 ಕೂಡ ಸಿಪ್ ಅಂತ ಹೇಳುವುದು, ಅಥವಾ ಸರ್ವರಿನಲ್ಲೇ ಕಾಂಟ್ಯಾಕ್ಟ್ ತಿದ್ದಿಸಿ ಫೈರ್‌ವಾಲ್‌ನ ಸಿಪ್ ತಪಾಸಣೆಯನ್ನು ತೆಗೆದುಬಿಡುವುದು. ಎರಡನೆಯದನ್ನೇ ಆರಿಸಿದೆ. ಸರ್ವರು ಹೇಗೂ ಮುಕ್ಕಾಲು ಕೆಲಸ ಮಾಡುತ್ತಿತ್ತು. ಜೊತೆಗೆ ಅವರು ಮುಂದೆ ಟಿಎಲ್‌ಎಸ್‌ಗೆ ಹೋಗುವವರಿದ್ದರು. ಸಿಪ್ ಗುಪ್ತವಾಗಿ 5061ರಲ್ಲಿ ಹೊರಟರೆ ಫೈರ್‌ವಾಲ್‌ಗೆ ಪತ್ರಿಕೆ ಬಿಚ್ಚಿ ಓದುವುದಕ್ಕೇ ಬರುವುದಿಲ್ಲ. ಸರ್ವರಿನವರಿಗೆ ಫೋನ್ ಮಾಡಿದರೆ ಮೊದಲ ಉತ್ತರ ಎಲ್ಲರಿಗೂ ಗೊತ್ತಿರುವುದೇ: "ನಮ್ಮ ಕಡೆ ಎಲ್ಲಾ ಸರಿ ಇದೆ ಸಾರ್." ಹೊರಮೈಯಲ್ಲಿ ಹಿಡಿದ ಪ್ಯಾಕೆಟ್ ಕಡತವನ್ನು ಕಳಿಸಿದ ಮೇಲೆ ಅರ್ಧ ಗಂಟೆಯಲ್ಲಿ ಸರಿ ಮಾಡಿಕೊಟ್ಟರು.

ಒಂದು ಕಡೆಗೆ ಮಾತ್ರ ಕೇಳಿದರೆ

ಹಾಸನದ ಬಿ.ಎಂ. ರಸ್ತೆಯ ಒಂದು ಆಫೀಸಿನಲ್ಲಿ ಬೇರೆ ಕತೆ. ನಾವು ಹೇಳಿದ್ದು ಅವರಿಗೆ ಕೇಳುತ್ತದೆ, ಅವರು ಹೇಳಿದ್ದು ನಮಗಿಲ್ಲ. ಈ ಲಕ್ಷಣಕ್ಕೆ ನಾನು ಮೊದಲು ನೋಡುವುದು ಹೊರಮೈಯಲ್ಲಿ ಹಿಡಿದ ಪ್ಯಾಕೆಟ್‌ನ ಆ "ಸಿ=" ಸಾಲು. ಅಲ್ಲಿ 192.168.1.2 ಅಂತ ಇತ್ತು. ಫೋನಿನ ವಿಳಾಸ ಅದಲ್ಲ, ಫೋನಿನದ್ದು 10.0.5ರ ಸಾಲಿನದ್ದು. ಅಂದರೆ ಫೈರ್‌ವಾಲ್ ತಪಾಸಣೆ ಮಾಡಿ ತನ್ನ ಹೊರಗಿನ ವಿಳಾಸವನ್ನು ನಿಷ್ಠೆಯಿಂದ ಬರೆದಿದೆ. ಆದರೆ ಅದರ ಹೊರಗಿನ ವಿಳಾಸವೇ ಪಬ್ಲಿಕ್ ಅಲ್ಲ. ಮುಂದೆ ಇನ್ನೊಂದು ಫೈಬರ್ ಬಾಕ್ಸ್ ರೌಟರ್ ಆಗಿ ಕೂತು ಎರಡನೇ ಸಲ ನ್ಯಾಟ್ ಮಾಡುತ್ತಿತ್ತು. ಆ ಬಾಕ್ಸನ್ನು ನ್ಯಾಟ್ ಮಾಡದೆ ಸುಮ್ಮನೆ ದಾಟಿಸುವ ಬ್ರಿಡ್ಜ್ ಮೋಡಿಗೆ ಹಾಕಿಸಿ, ಇಂಟರ್ನೆಟ್ ಕಂಪನಿಯ ಪಿಪಿಪಿಒಇ ಲಾಗಿನ್ ಅನ್ನು ಫೈರ್‌ವಾಲ್‌ಗೇ ಕೊಟ್ಟ ಮೇಲೆ ಸರಿಹೋಯಿತು.

ಮಲೆನಾಡಿನ ಕಡೆ ಇದರ ತಮ್ಮನೊಬ್ಬ ಇದ್ದಾನೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದಾಗ ಫೈರ್‌ವಾಲ್ 4ಜಿ ಡಾಂಗಲ್‌ಗೆ ಹೊರಳುತ್ತದೆ. ಮೇಲ್ ಬರುತ್ತದೆ, ವೆಬ್ ತೆರೆಯುತ್ತದೆ, ಫೋನಿನಲ್ಲಿ ಮಾತ್ರ ಮೌನ. ಹೊರಗಿನ ವಿಳಾಸ ನೋಡಿ. 100.64ರಿಂದ 100.127ರ ನಡುವೆ ಶುರುವಾದರೆ ನೀವು ಮೊಬೈಲ್ ಕಂಪನಿಯ ದೊಡ್ಡ ನ್ಯಾಟ್‌ನ ಹಿಂದಿದ್ದೀರಿ. 2012ರಿಂದ ಆ ವಿಳಾಸಗಳನ್ನು ಇದಕ್ಕೆಂದೇ ಮೀಸಲಿಟ್ಟಿದ್ದಾರೆ. ಅಂಥ ಕಡೆ ನಿಮ್ಮ ಫೈರ್‌ವಾಲ್ ಏನು ತಿದ್ದಿದರೂ ವ್ಯರ್ಥ. ಸರ್ವರೇ ತಿದ್ದಬೇಕು.

"ಸಿ=" ಸಾಲು ಸರಿಯಿದ್ದೂ ಧ್ವನಿ ಬಾರದಿದ್ದರೆ "ಎಂ=" ಸಾಲಿನ ಪೋರ್ಟನ್ನೂ, ನಿಜವಾಗಿ ಬರುತ್ತಿರುವ ಆರ್‌ಟಿಪಿಯ ಪೋರ್ಟನ್ನೂ ಹೋಲಿಸಿ. ಎರಡು ಬೇರೆ ಆಗಿದ್ದರೆ ಇಬ್ಬರು ತಿದ್ದಿದ್ದಾರೆ. ಫೋನಿನಲ್ಲಿ ಸ್ಟನ್ ಆನ್ ಇದೆಯಾ ನೋಡಿ, ಒಂದನ್ನು ಆಫ್ ಮಾಡಿ.

ವಿಡಿಯೋ ಬಂದರೆ

ಅದೇ ಕ್ಯೂರಿಂಗ್ ಆಫೀಸಿನ ಮಹಡಿಯ ಮೀಟಿಂಗ್ ರೂಮಿನಲ್ಲಿ ಒಂದು ಹಳೆಯ ಎಚ್.323 ವಿಡಿಯೋ ಯೂನಿಟ್ ಇತ್ತು. ಹೊರದೇಶದ ಖರೀದಿದಾರರ ಜೊತೆ ಮಾತಾಡಲು. ಸಿಪ್ ತಪಾಸಣೆ ತೆಗೆಯುವಾಗ ಹುಡುಗ ಉತ್ಸಾಹದಲ್ಲಿ ಎಚ್.323 ಕೂಡ ತೆಗೆಯಲು ಹೊರಟಿದ್ದ. ತಡೆದೆ. ಎಚ್.323 ಅನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು 1996ರಲ್ಲಿ ತಂದದ್ದು, ಸಿಪ್‌ಗಿಂತ ಗೋಜಲು. ಗೇಟ್‌ಕೀಪರ್ (ಕರೆಗಳ ಮೇಲ್ವಿಚಾರಣೆ ಮಾಡುವ ಸರ್ವರ್) ಜೊತೆ ಮಾತು ಯುಡಿಪಿ 1719ರಲ್ಲಿ. ಕರೆ ಹಚ್ಚುವುದು ಎಚ್.225, ಟಿಸಿಪಿ 1720ರಲ್ಲಿ. ಅದರೊಳಗೆ ಎಚ್.245ಕ್ಕೆ ಇನ್ನೊಂದು ಪೋರ್ಟ್ ಗೊತ್ತು ಮಾಡುತ್ತಾರೆ, ಎಚ್.245 ಒಳಗೆ ಆಡಿಯೋ ವಿಡಿಯೋ ಪೋರ್ಟುಗಳನ್ನು ಗೊತ್ತು ಮಾಡುತ್ತಾರೆ. ಪತ್ರಿಕೆಯೊಳಗೆ ಪತ್ರಿಕೆ. ಸಂದೇಶಗಳೂ ಸಿಪ್‌ನ ಹಾಗೆ ಓದಲು ಬರುವ ಅಕ್ಷರಗಳಲ್ಲ. ಆ ಕಡೆ ತಿದ್ದಿಕೊಡುವ ಸರ್ವರ್ ಇಲ್ಲದಿದ್ದರೆ ಇಲ್ಲಿ ಫೈರ್‌ವಾಲ್‌ನ ತಪಾಸಣೆ ಬೇಕೇ ಬೇಕು.

ಅವರಿಗಿದ್ದ ತೊಂದರೆ ಬೇರೆ. ಮೀಟಿಂಗ್ ಸರಿಯಾಗಿ ಒಂದು ಗಂಟೆಗೆ ನಿಲ್ಲುತ್ತಿತ್ತು. ಯಾರೋ ಬುಕಿಂಗ್ ಮಿತಿ ಇರಬೇಕು ಅಂದುಕೊಂಡು ಸುಮ್ಮನಿದ್ದರಂತೆ! ಕರೆ ಹಚ್ಚಿದ ಮೇಲೆ ಎಚ್.225ರ ಟಿಸಿಪಿ ಕನೆಕ್ಷನ್ನಿನಲ್ಲಿ ಮಾತೇ ಇರುವುದಿಲ್ಲ. ಒಂದು ಗಂಟೆ ಸದ್ದಿಲ್ಲ ಅಂತ ಫೈರ್‌ವಾಲ್ ಅದನ್ನು ಮುಚ್ಚುತ್ತದೆ. ಕೆಲವು ಯೂನಿಟ್‌ಗಳು ಅದು ಹೋದ ಕೂಡಲೇ ಕರೆಯನ್ನೂ ಕೊಲ್ಲುತ್ತವೆ. ಎಚ್.225 ಟೈಮ್‌ಔಟನ್ನು 4 ಗಂಟೆಗೆ ಏರಿಸಿದೆವು. ಯೂನಿಟ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ ಇದ್ದರೆ ಅದೂ ಆಗುತ್ತದೆ.

ಸಿಪ್ ವಿಡಿಯೋಗೆ ಒಂದು ಮೋಸದ ದೋಷ ಇದೆ. ಬರೀ ಧ್ವನಿ ಕರೆ ಹೋಗುತ್ತದೆ, ವಿಡಿಯೋ ಕರೆ ರಿಂಗೇ ಆಗುವುದಿಲ್ಲ. ವಿಡಿಯೋ ಕೋಡೆಕ್‌ಗಳ ಪಟ್ಟಿ ಸೇರಿ ಇನ್‌ವೈಟ್ ಉದ್ದವಾಗಿರುತ್ತದೆ. ಪಿಪಿಪಿಒಇ ಲೈನಿನಲ್ಲಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ, 1492 ಬೈಟ್. ಅದಕ್ಕಿಂತ ದೊಡ್ಡ ಯುಡಿಪಿ ಪ್ಯಾಕೆಟ್ ಎರಡು ತುಂಡಾಗುತ್ತದೆ, ದಾರಿಯಲ್ಲಿ ಯಾರೋ ಎರಡನೇ ತುಂಡನ್ನು ಬಿಸಾಡುತ್ತಾರೆ. ಎಂಟಿಯು ಗೊತ್ತಿಲ್ಲದಾಗ 1300 ಬೈಟ್ ದಾಟಿದ ಸಂದೇಶವನ್ನು ಟಿಸಿಪಿಯಂಥ ದಾರಿಯಲ್ಲಿ ಕಳಿಸಬೇಕು ಅಂತ ಸಿಪ್ ನಿಯಮವೇ ಹೇಳುತ್ತದೆ. ಎಷ್ಟೋ ಫೋನು ಇದನ್ನು ಪಾಲಿಸುವುದಿಲ್ಲ. ಬೇಡದ ಕೋಡೆಕ್ ತೆಗೆದುಹಾಕಿ, ಇಲ್ಲವೇ ಟಿಸಿಪಿಗೆ ಬದಲಿಸಿ.

ಬ್ರೌಸರಿನ ಮೀಟಿಂಗುಗಳಿಗೂ ಈ ತಪಾಸಣೆಗೂ ಸಂಬಂಧವಿಲ್ಲ. ಅಲ್ಲಿ ಎಲ್ಲವೂ ಗುಪ್ತ. ಯುಡಿಪಿ ಹೊರಗೆ ಹೋಗಲು ಬಿಟ್ಟರೆ ಸಾಕು: ಟೀಮ್ಸ್‌ಗೆ 3478ರಿಂದ 3481, ಜೂಮ್‌ಗೆ 8801ರಿಂದ 8810. ಮುಚ್ಚಿದ್ದರೂ ಅವು ಟಿಸಿಪಿ 443ಕ್ಕೆ ಇಳಿದು ನಡೆಯುತ್ತವೆ, ಆದರೆ ಚಿತ್ರ ನಿಂತು ನಿಂತು ಬರುತ್ತದೆ.

ಯಾವ ಪೆಟ್ಟಿಗೆಯಲ್ಲಿ ಎಲ್ಲಿ

ಸಿಸ್ಕೋ ಎಎಸ್‌ಎಯಲ್ಲಿ ಗ್ಲೋಬಲ್_ಪಾಲಿಸಿ ಅನ್ನುವ ಪಾಲಿಸಿ-ಮ್ಯಾಪ್ ಒಳಗೆ ಇನ್‌ಸ್ಪೆಕ್ಷನ್_ಡಿಫಾಲ್ಟ್ ಕ್ಲಾಸ್ ಇರುತ್ತದೆ. ಇನ್‌ಸ್ಪೆಕ್ಟ್ ಸಿಪ್, ಇನ್‌ಸ್ಪೆಕ್ಟ್ ಎಚ್323 ಎಚ್225, ಇನ್‌ಸ್ಪೆಕ್ಟ್ ಎಚ್323 ರಾಸ್, ಇನ್‌ಸ್ಪೆಕ್ಟ್ ಸ್ಕಿನ್ನಿ ಎಲ್ಲಾ ಅಲ್ಲೇ. ಆ ಕ್ಲಾಸ್ ನೋಡುವುದು ಮಾಮೂಲಿ ಪೋರ್ಟುಗಳನ್ನು ಮಾತ್ರ. 5080ಕ್ಕೆ ಬೇಕಾದರೆ ಆ ಪೋರ್ಟನ್ನು ಹಿಡಿಯುವ ಹೊಸ ಕ್ಲಾಸ್-ಮ್ಯಾಪ್ ಮಾಡಿ, ಅದರಡಿ ಇನ್‌ಸ್ಪೆಕ್ಟ್ ಸಿಪ್ ಬರೆಯಬೇಕು. ಲೆಕ್ಕ ನೋಡಲು ಶೋ ಸರ್ವಿಸ್-ಪಾಲಿಸಿ. ಬದಲಾವಣೆ ಹೊಸ ಕನೆಕ್ಷನ್ನುಗಳಿಗೆ ಮಾತ್ರ ತಾಗುತ್ತದೆ. ಕೀಪ್‌ಅಲೈವ್ ಇರುವ ಫೋನಿನ ಹಳೆಯ ಕನೆಕ್ಷನ್ನು ಸಾಯುವುದೇ ಇಲ್ಲ. ಹಾಗಾಗಿ ಫೋನುಗಳ ಕನೆಕ್ಷನ್ ಕ್ಲಿಯರ್ ಮಾಡಿ, ಆಮೇಲೆ ಪರೀಕ್ಷೆ ಮಾಡಿ. "ಬದಲಿಸಿದೆ, ಏನೂ ಆಗಲಿಲ್ಲ" ಅನ್ನುವವರಲ್ಲಿ ಎಷ್ಟೋ ಜನ ಇಲ್ಲೇ ಎಡವುವುದು.

ಫೋರ್ಟಿಗೇಟ್‌ನಲ್ಲಿ ಎರಡು ಕಡೆ ನೋಡಬೇಕು: ಸೆಷನ್ ಹೆಲ್ಪರ್ ಪಟ್ಟಿಯ ಸಿಪ್ ಸಾಲು, ಅದು ಸಾಮಾನ್ಯವಾಗಿ 13ನೆಯದು, ಮತ್ತು ಡಿಫಾಲ್ಟ್ ವಾಯಿಪ್ ಎಎಲ್‌ಜಿ ಮೋಡ್. ಒಂದನ್ನು ಮಾತ್ರ ತೆಗೆದರೆ ಇನ್ನೊಂದು ಉಳಿದಿರುತ್ತದೆ. ಮೈಕ್ರೋಟಿಕ್‌ನಲ್ಲಿ ಐಪಿ, ಫೈರ್‌ವಾಲ್, ಸರ್ವಿಸ್ ಪೋರ್ಟ್ಸ್ ಟ್ಯಾಬಿನಲ್ಲಿ ಸಿಪ್ ಮತ್ತು ಎಚ್.323 ಬೇರೆ ಬೇರೆ ಸಾಲು, ಸಿಪ್‌ನ ಪೋರ್ಟುಗಳನ್ನು ಅಲ್ಲೇ ಸೇರಿಸಬಹುದು. ಲಿನಕ್ಸ್ ಫೈರ್‌ವಾಲ್ ಆದರೆ ಒಂದು ಎಚ್ಚರ. 2016ರ 4.7 ಕರ್ನಲ್‌ನಿಂದ ಈಚೆಗೆ ಸಿಪ್ ಹೆಲ್ಪರ್ ಮಾಡ್ಯೂಲ್ ಲೋಡ್ ಆಗಿದ್ದ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಯಾವ ಟ್ರಾಫಿಕ್‌ಗೆ ಹೆಲ್ಪರ್ ಅಂತ ನಿಯಮ ಬರೆದು ಹೇಳಬೇಕು.

ಮುಗಿಯಿತು ಅನ್ನುವ ಮೊದಲು

ಒಂದು ಕರೆ ಮಾಡಿ ಹಲೋ ಅಂದು ಬ್ಯಾಗ್ ಹೆಗಲಿಗೇರಿಸಬೇಡಿ. ಒಳಬರುವ ಕರೆಯನ್ನು ಒಂದು ನಿಮಿಷ ದಾಟಿಸಿ, ಇನ್ನೊಂದನ್ನು 31 ನಿಮಿಷ ಬಿಡಿ. ಒಮ್ಮೆ ಆ ಕಡೆಯವರು ಮೊದಲು ಇಡಲಿ, ಒಮ್ಮೆ ನೀವು ಇಡಿ. ಹೋಲ್ಡ್ ಮಾಡಿ ಬಿಡಿಸಿ. ಒಂದು ಫೋನನ್ನು ಹತ್ತು ನಿಮಿಷ ಮುಟ್ಟದೆ ಬಿಟ್ಟು ಅದಕ್ಕೆ ಹೊರಗಿನಿಂದ ಕರೆ ಮಾಡಿ. ಬ್ಯಾಕಪ್ ಲೈನಿದ್ದರೆ ಫೈಬರ್ ಕಿತ್ತು ಅದರ ಮೇಲೂ ಇಷ್ಟೂ ಮಾಡಿ.

ನಾವು 31 ನಿಮಿಷದ ಕರೆಗೆ ಆ ಮೂಡಿಗೆರೆಯ ರೈಟರನ್ನೇ ಹಿಡಿದೆವು. ಮೇಡಂ ಫೋನಿನಲ್ಲಿ ಕೂತು ಆ ವಾರದ ಮೂಟೆ ಲೆಕ್ಕವನ್ನೆಲ್ಲ ತಾಳೆ ನೋಡಿ ಮುಗಿಸಿದರು. ನಾನು ರ‍್ಯಾಕಿನ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿದೆ: "ಸಿಪ್ ಪೋರ್ಟ್ 5080. ವಿಳಾಸ ತಿದ್ದುವುದು ಸರ್ವರ್. ಇಲ್ಲಿ ಸಿಪ್ ತಪಾಸಣೆ ಆಫ್. ಎಚ್.323 ಆನ್, ಎಚ್.225 ಟೈಮ್‌ಔಟ್ 4 ಗಂಟೆ. ಪೋರ್ಟ್ ಬದಲಿಸಿದರೆ ಇಲ್ಲೂ ಬರೆಯಿರಿ."